‘ನೀವು ಹೇಳಿದ ಹಾಗೆ ಡಾಕ್ಟ್ರೇ’ ಎಂಬುದು ಒಪ್ಪಿಗೆಯಲ್ಲ

ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲಿ ದಿನವಿಡೀ ಕೇಳಿಬರುವ ಮಾತೊಂದಿದೆ: ‘ನೀವು ಹೇಳಿದ ಹಾಗೆ ಡಾಕ್ಟ್ರೇ.’ ಡಾಕ್ಟರು ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ಆಸ್ಪತ್ರೆ ಅದರ ಕೆಳಗೊಂದು ಸಹಿ ಹಾಕಿಸಿಕೊಳ್ಳುತ್ತದೆ. ಆದರೆ ಅದು ಮರ್ಯಾದೆಯ ಮಾತು ಎಂಬುದು ಆಡಿದವಳಿಗೂ ಗೊತ್ತು, ಕೇಳಿದವರಿಗೂ ಗೊತ್ತು. ದೊಡ್ಡವರೆದುರು ಎದುರು ಮಾತಾಡಬಾರದು ಎಂದು ಕಲಿತು ಬೆಳೆದವಳು ಬೇರೆ ಏನು ಹೇಳಿಯಾಳು? ಈ ಮರ್ಯಾದೆಯನ್ನೇ ಒಪ್ಪಿಗೆ ಎಂದು ಎಣಿಸುವುದು ನಿಲ್ಲಬೇಕು ಎಂಬುದು ನಮ್ಮ ತಕರಾರು. ಸದ್ಯಕ್ಕೆ ಒಂದೇ ಒಂದು ವಿಷಯ ಎತ್ತಿಕೊಂಡಿದ್ದೇವೆ: ಸ್ತನ ಕ್ಯಾನ್ಸರ್ ತಪಾಸಣೆ.

ಅಕ್ಟೋಬರ್ ಬಂತೆಂದರೆ ಊರು ಗುಲಾಬಿ ಆಗುತ್ತದೆ. ರಿಬ್ಬನ್ನು, ಮ್ಯಾರಥಾನು, ಬ್ಯಾನರು, ‘ಬೇಗ ಪತ್ತೆ, ಬೇಗ ಗುಣ.’ ಈ ತಿಂಗಳ ಹುಟ್ಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇವೆ. 1985ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಜಾಗೃತಿ ಮಾಸ ಆರಂಭಿಸಿದವರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಜೊತೆಗಿದ್ದದ್ದು ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ಔಷಧ ವಿಭಾಗ. ಅದೇ ಸ್ತನ ಕ್ಯಾನ್ಸರಿಗೆ ಕೊಡುವ ಟಮೋಕ್ಸಿಫೆನ್ ಮಾತ್ರೆಯ ತಯಾರಕ. ಅಷ್ಟಕ್ಕೇ ತಪಾಸಣೆ ಮೋಸ ಎಂದು ನಾವು ಹೇಳುತ್ತಿಲ್ಲ. ಆ ಮಾತ್ರೆ ಲಕ್ಷಾಂತರ ಹೆಂಗಸರನ್ನು ಉಳಿಸಿದೆ. ಆದರೆ ಮಾರುವವನ ಬಾಯಿಂದ ಹುಟ್ಟಿದ ಘೋಷಣೆಯಲ್ಲಿ ಲಾಭದ ಅರ್ಧ ಮಾತ್ರ ಇರುತ್ತದೆ. ನಷ್ಟದ ಅರ್ಧವನ್ನು ಯಾರಾದರೂ ಹೇಳಬೇಕಲ್ಲ? ಹೇಳಬೇಕಾದವರು ಡಾಕ್ಟರು.

ಮೊದಲಿಗೇ ಒಂದು ಗೆರೆ ಎಳೆದುಬಿಡೋಣ, ಇಲ್ಲದಿದ್ದರೆ ನಮ್ಮ ಮಾತು ಕೆಟ್ಟ ದಾರಿಗೆ ಹೋದೀತು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದೆ, ತೊಟ್ಟು ಒಳಕ್ಕೆ ಎಳೆದುಕೊಂಡಿದೆ, ರಕ್ತ ಬರುತ್ತಿದೆ, ಚರ್ಮ ಕಿತ್ತಳೆ ಸಿಪ್ಪೆಯಂತಾಗಿದೆ ಎಂದಾದರೆ ಅದು ತಪಾಸಣೆಯ ವಿಷಯವೇ ಅಲ್ಲ. ನಾಳೆಯೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ‘ಯೋಚಿಸಿ ನೋಡುತ್ತೇನೆ’ ಎಂಬುದಕ್ಕೆ ಜಾಗವಿಲ್ಲ. ನಾವು ಮಾತಾಡುತ್ತಿರುವುದು ಯಾವ ತೊಂದರೆಯೂ ಇಲ್ಲದೆ, ಗದ್ದೆಗೋ ಫ್ಯಾಕ್ಟರಿಗೋ ಹೋಗಿಬಂದು ಆರಾಮಾಗಿರುವ ಹೆಂಗಸನ್ನು ಕರೆದು ‘ಬಾ, ಪರೀಕ್ಷೆ ಮಾಡುತ್ತೇವೆ’ ಎನ್ನುವುದರ ಬಗ್ಗೆ. ಕಾಯಿಲೆಯವಳು ತಾನಾಗಿ ಡಾಕ್ಟರ ಬಳಿ ಬರುತ್ತಾಳೆ. ಇಲ್ಲಿ ಡಾಕ್ಟರೇ ಆರೋಗ್ಯವಂತಳ ಬಳಿ ಹೋಗುತ್ತಿದ್ದಾರೆ. ಹಾಗೆ ಹೋಗುವವರ ಹೊಣೆ ದೊಡ್ಡದು.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಹೆಂಗಸರಿಗೆ ಅರ್ಥವಾಗುವುದಿಲ್ಲ ಎನ್ನುವವರಿಗಾಗಿ ಬೀಡಿ ಎಣಿಸುವ ಭಾಷೆಯಲ್ಲೇ, ಸಾವಿರದ ಲೆಕ್ಕದಲ್ಲೇ ಹೇಳುತ್ತೇವೆ. ಜರ್ಮನಿಯ ವಿಜ್ಞಾನಿ ಗೆರ್ಡ್ ಗಿಗರೆನ್ಜರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 160 ಮಂದಿ ಸ್ತ್ರೀರೋಗ ತಜ್ಞರಿಗೆ ಕೇಳಿದ ಪ್ರಶ್ನೆ ಇದು. ಸಾವಿರ ಹೆಂಗಸರಲ್ಲಿ ಹತ್ತು ಮಂದಿಗೆ ಸ್ತನ ಕ್ಯಾನ್ಸರ್ ಇದೆ. ಮ್ಯಾಮೋಗ್ರಾಂ ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಕ್ಯಾನ್ಸರ್ ಇಲ್ಲದ 990 ಮಂದಿಯಲ್ಲೂ ಸುಮಾರು 89 ಮಂದಿಗೆ ‘ಏನೋ ಇದೆ’ ಎಂದು ತಪ್ಪಾಗಿ ಹೇಳುತ್ತದೆ. ಹಾಗಾದರೆ ‘ಏನೋ ಇದೆ’ ಎಂದು ವರದಿ ಬಂದವಳಿಗೆ ನಿಜಕ್ಕೂ ಕ್ಯಾನ್ಸರ್ ಇರುವ ಸಂಭವ ಎಷ್ಟು? ಒಂಬತ್ತಕ್ಕೆ ಎಂಬತ್ತೊಂಬತ್ತು ಕೂಡಿಸಿದರೆ 98. ಆ 98ರಲ್ಲಿ ನಿಜವಾಗಿ ರೋಗ ಇರುವವರು ಒಂಬತ್ತು ಮಂದಿ, ಅಂದರೆ ಹೆಚ್ಚು ಕಡಿಮೆ ಹತ್ತಕ್ಕೆ ಒಬ್ಬರು. ಶೇಕಡಾವಾರಿನಲ್ಲಿ ಕೇಳಿದಾಗ ಸರಿ ಉತ್ತರ ಕೊಟ್ಟ ತಜ್ಞರು ನೂರಕ್ಕೆ 21 ಮಾತ್ರ. ಇದೇ ಲೆಕ್ಕವನ್ನು ಸಾವಿರದ ಲೆಕ್ಕದಲ್ಲಿ ಹೇಳಿಕೊಟ್ಟ ಮೇಲೆ 87 ಮಂದಿ ಸರಿ ಹೇಳಿದರು.

‘ನಮ್ಮ ಹೆಂಗಸರಿಗೆ ಇದೆಲ್ಲ ಅರ್ಥ ಆಗಲ್ಲ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ಅರ್ಥವಾಗದಿದ್ದದ್ದು ತಜ್ಞರಿಗೆ. ಅರ್ಥವಾಗುವಂತೆ ಹೇಳಿದ ಕೂಡಲೇ ಅರ್ಥವಾಯಿತು. ಕೊರತೆ ಇರುವುದು ಹೇಳುವ ರೀತಿಯಲ್ಲಿ.

ವರದಿ ತಪ್ಪಾಗಿ ಬಂದವಳಿಗೆ ಏನಾಗುತ್ತದೆ? ಮತ್ತೊಂದು ಸ್ಕ್ಯಾನು, ಸೂಜಿ ಪರೀಕ್ಷೆ, ವಾರಗಟ್ಟಲೆ ಕಾಯುವುದು, ಕೂಲಿ ಕಳೆದುಕೊಳ್ಳುವುದು, ಮನೆಯಲ್ಲಿ ಪಿಸುಪಿಸು, ಮಗಳ ಮದುವೆಯ ಮಾತುಕತೆಗೆ ಕೂಡ ಅಡ್ಡಿ. ಕೊನೆಗೆ ‘ಏನೂ ಇಲ್ಲ’ ಎಂದು ಬಂದರೂ ಆ ದಿನಗಳನ್ನು ಯಾರೂ ವಾಪಸು ಕೊಡುವುದಿಲ್ಲ. ಇದು ಒಂದು ನಷ್ಟ. ಇನ್ನೊಂದು ನಷ್ಟ ಇದಕ್ಕಿಂತ ಸೂಕ್ಷ್ಮ. ಕೆಲವು ಗಂಟುಗಳು ಬದುಕಿರುವಷ್ಟು ಕಾಲವೂ ಏನೂ ಮಾಡದೆ ಸುಮ್ಮನಿರುವಂಥವು. ಯಂತ್ರಕ್ಕೆ ಆ ವ್ಯತ್ಯಾಸ ಕಾಣುವುದಿಲ್ಲ, ಡಾಕ್ಟರಿಗೂ ಕಾಣುವುದಿಲ್ಲ. ಕಂಡದ್ದನ್ನೆಲ್ಲ ಕ್ಯಾನ್ಸರ್ ಎಂದೇ ಎಣಿಸಿ ಕೊಯ್ಯುತ್ತಾರೆ, ಕಿರಣ ಕೊಡುತ್ತಾರೆ. ಇದನ್ನು ಅತಿಪತ್ತೆ ಎನ್ನೋಣ. ಹೀಗೆ ಚಿಕಿತ್ಸೆ ಪಡೆದವಳು ‘ತಪಾಸಣೆಯಿಂದ ನಾನು ಬದುಕಿದೆ’ ಎಂದೇ ಜೀವಮಾನವಿಡೀ ನಂಬುತ್ತಾಳೆ. ಆಕೆಯನ್ನು ತಪ್ಪು ಎನ್ನುವ ಹಾಗೂ ಇಲ್ಲ.

ಲಾಭವೂ ಇದೆ, ಅದನ್ನೂ ಲೆಕ್ಕದಲ್ಲೇ ಹೇಳಬೇಕು. ಬ್ರಿಟನ್ನಿನಲ್ಲಿ ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯ ಸ್ವತಂತ್ರ ಸಮಿತಿ 2012ರಲ್ಲಿ ಕೊಟ್ಟ ಅಂದಾಜು ಹೀಗಿದೆ: 50 ವರ್ಷದ 10,000 ಹೆಂಗಸರನ್ನು 20 ವರ್ಷ ಮ್ಯಾಮೋಗ್ರಾಂಗೆ ಕರೆದರೆ 43 ಮಂದಿಯ ಸಾವು ತಪ್ಪುತ್ತದೆ, 129 ಮಂದಿಗೆ ಅತಿಪತ್ತೆಯಾಗುತ್ತದೆ. ಉಳಿದ ಒಂದು ಜೀವಕ್ಕೆ ಮೂವರಿಗೆ ಬೇಡದ ಚಿಕಿತ್ಸೆ. 2013ರ ಕಾಕ್ರೇನ್ ಪರಾಮರ್ಶೆಯ ಅಂದಾಜು ಇನ್ನೂ ಕಠಿಣ: 2,000 ಮಂದಿಯನ್ನು 10 ವರ್ಷ ಕರೆದರೆ ಒಬ್ಬರ ಸಾವು ತಪ್ಪುತ್ತದೆ, ಹತ್ತು ಮಂದಿ ಆರೋಗ್ಯವಂತರಿಗೆ ಬೇಡದ ಚಿಕಿತ್ಸೆಯಾಗುತ್ತದೆ, 200ಕ್ಕೂ ಹೆಚ್ಚು ಮಂದಿ ಸುಳ್ಳು ವರದಿಯಿಂದ ನರಳುತ್ತಾರೆ. 2014ರಲ್ಲಿ ಸ್ವಿಸ್ ಮೆಡಿಕಲ್ ಬೋರ್ಡ್ ಹೊಸ ಮ್ಯಾಮೋಗ್ರಾಂ ಕಾರ್ಯಕ್ರಮ ಆರಂಭಿಸುವುದೇ ಬೇಡ ಎಂದು ಹೇಳಿತು. ಅಮೆರಿಕದ ಸರ್ಕಾರಿ ತಜ್ಞರ ಕಾರ್ಯಪಡೆ 2009ರಲ್ಲಿ ‘50ರಿಂದ ಸಾಕು, 40ರ ಹರೆಯದವರು ಯೋಚಿಸಿ ನಿರ್ಧರಿಸಲಿ’ ಎಂದಿತು. 2024ರಲ್ಲಿ ‘40ರಿಂದಲೇ ಶುರು ಮಾಡಿ’ ಎಂದಿತು.

ತಜ್ಞರು ತಜ್ಞರ ಜೊತೆಗೇ ಒಪ್ಪದ ವಿಷಯವಿದು. ಅಂಥ ಕಡೆ ಒಂದೇ ಉತ್ತರವನ್ನು ಬ್ಯಾನರಿನಲ್ಲಿ ಬರೆದು ನೇತು ಹಾಕುವುದು ವಿಜ್ಞಾನವಲ್ಲ. ಒಬ್ಬಳು ‘ನೂರಕ್ಕೆ ಅರ್ಧದಷ್ಟು ಅವಕಾಶವಾದರೂ ಸರಿ, ಮಕ್ಕಳು ಚಿಕ್ಕವರು, ನಾನು ಮಾಡಿಸುತ್ತೇನೆ’ ಎನ್ನಬಹುದು. ಇನ್ನೊಬ್ಬಳು ‘ಇಷ್ಟು ಸಣ್ಣ ಲಾಭಕ್ಕೆ ಇಷ್ಟು ಹೆದರಿಕೆ ನನಗೆ ಬೇಡ’ ಎನ್ನಬಹುದು. ಇಬ್ಬರೂ ಸರಿ. ಯಾರು ಯಾವುದಕ್ಕೆ ಎಷ್ಟು ತೂಕ ಕೊಡುತ್ತಾರೆ ಎಂಬುದು ಎಂ.ಡಿ. ಓದಿದವರಿಗೆ ಗೊತ್ತಿರುವ ವಿಷಯವಲ್ಲ, ಬದುಕುವವಳಿಗೆ ಗೊತ್ತಿರುವ ವಿಷಯ. ಡಾಕ್ಟರು ಮತ್ತು ರೋಗಿ ಕೂತು ಕೂಡಿ ನಿರ್ಧರಿಸಬೇಕು ಎನ್ನುವುದರ ಅರ್ಥ ಇಷ್ಟೇ: ಗೊತ್ತಿರುವುದನ್ನು ಡಾಕ್ಟರು ಹೇಳಬೇಕು, ತನಗೆ ಏನು ಮುಖ್ಯ ಎಂಬುದನ್ನು ಅವಳು ಹೇಳಬೇಕು, ಆಮೇಲೆ ತೀರ್ಮಾನ.

ಇದಕ್ಕೆ ಪಣಂಬೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ನವಮಂಗಳೂರು ಬಂದರಿಗೆ ಬರುವ ಹಡಗಿಗೆ ಹೊರಸಮುದ್ರದಲ್ಲೇ ಬಂದರಿನ ಪೈಲಟ್ ಹತ್ತಿಕೊಳ್ಳುತ್ತಾರೆ. ಎಲ್ಲಿ ಆಳ, ಎಲ್ಲಿ ಮರಳು, ಗಾಳಿ ಯಾವ ಕಡೆಗೆ ಎಂಬುದೆಲ್ಲ ಅವರಿಗೆ ಗೊತ್ತು. ಕ್ಯಾಪ್ಟನ್ ಅವರ ಮಾತು ಕೇಳಿಯೇ ಹಡಗು ನಡೆಸುತ್ತಾನೆ. ಆದರೂ ಹಡಗಿನ ಹೊಣೆ ಕ್ಯಾಪ್ಟನ್‌ದೇ, ಅಧಿಕಾರವೂ ಅವನದೇ. ಪೈಲಟ್ ಹತ್ತಿದ ಕೂಡಲೇ ಕ್ಯಾಪ್ಟನ್‌ನನ್ನು ಕ್ಯಾಬಿನ್ನಿನಲ್ಲಿ ಕೂಡಿ ಹಾಕುವ ಪದ್ಧತಿ ಯಾವ ಬಂದರಿನಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ಮಾತ್ರ ಇದೆ.

ಪಣಂಬೂರಿಗೆ ‘ನಿಮ್ಮ ಒಳ್ಳೆಯದಕ್ಕೇ’ ಎಂಬ ಮಾತು ಹೊಸದೂ ಅಲ್ಲ. ಬಂದರು ಬರುವಾಗ ಈ ಊರಿನ ಮನೆಗಳು ಎದ್ದುಹೋದವು, ಜನ ಕಾಟಿಪಳ್ಳ, ಕೃಷ್ಣಾಪುರದ ಪುನರ್ವಸತಿ ಕಾಲನಿಗಳಿಗೆ ಹೋದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದರನ್ನು ಉದ್ಘಾಟಿಸಿದರು. ಬಂದರಿನಿಂದ ಜಿಲ್ಲೆಗೆ ಒಳ್ಳೆಯದಾಗಿಲ್ಲ ಎಂದು ಯಾರೂ ಹೇಳಲಾರರು. ಆದರೆ ಒಳ್ಳೆಯದು ಯಾವುದು ಎಂದು ತೀರ್ಮಾನಿಸುವಾಗ ಮನೆ ಕಳೆದುಕೊಳ್ಳುವವರನ್ನು ಎಷ್ಟು ಕೇಳಲಾಯಿತು ಎಂದು ಆ ಕಾಲನಿಗಳ ಹಿರಿಯರ ಬಳಿ ವಿಚಾರಿಸಿ ನೋಡಿ. ನೆಲದ ವಿಷಯದಲ್ಲಿ ಆದದ್ದು ಮೈಯ ವಿಷಯದಲ್ಲೂ ಆಗಬೇಕೆ?

ಇನ್ನು ನಮ್ಮ ದೇಶದ ಲೆಕ್ಕ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ ಮಾಡಬೇಕು. ಸರ್ಕಾರಿ ಕಾರ್ಯಕ್ರಮದಲ್ಲಿ ಎಲ್ಲರಿಗೂ ಮ್ಯಾಮೋಗ್ರಾಂ ಎಂಬುದು ಇಲ್ಲವೇ ಇಲ್ಲ. ಇದಕ್ಕೆ ಆಧಾರ ನಮ್ಮ ನೆಲದ್ದೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಲ್ಲಿ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಬಡ ಹೆಂಗಸರ ನಡುವೆ ಅಧ್ಯಯನ ಶುರು ಮಾಡಿತು. ಅರ್ಧದಷ್ಟು ಜನರಿಗೆ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕೈ ಪರೀಕ್ಷೆ ಮಾಡಿ, 20 ವರ್ಷ ಹಿಂಬಾಲಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಸಾವಿನ ಪ್ರಮಾಣದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ.

ಇದು ಎಂಥ ಸುದ್ದಿ ನೋಡಿ! ದುಬಾರಿ ಯಂತ್ರ ಬೇಡ, ಪಟ್ಟಣದ ಆಸ್ಪತ್ರೆ ಬೇಡ, ತರಬೇತಿ ಪಡೆದ ಕೈ ಸಾಕು. ಕುಳಾಯಿಯಲ್ಲೋ ಬೈಕಂಪಾಡಿಯಲ್ಲೋ ಇರುವ 55 ವರ್ಷದ ಮೊಗವೀರ ಹೆಂಗಸಿಗೆ ಮೊದಲು ಹೇಳಬೇಕಾದ ಸುದ್ದಿ ಇದು. ಹಾಗೆಯೇ 40ರ ಹರೆಯದ ಫ್ಯಾಕ್ಟರಿ ಕಾರ್ಮಿಕಳಿಗೆ ‘ಈ ಪರೀಕ್ಷೆಯಿಂದ ನಿನ್ನ ವಯಸ್ಸಿನವರ ಸಾವು ತಪ್ಪುತ್ತದೆಂದು ಮುಂಬೈಯಲ್ಲಿ ಕಾಣಲಿಲ್ಲ, ಆದರೆ ಗಂಟು ಸಿಕ್ಕಿದರೆ ಮಾತ್ರ ಒಂದು ದಿನವೂ ಕಾಯಬೇಡ’ ಎಂದು ಹೇಳಬೇಕಾದದ್ದೂ ಅಷ್ಟೇ ಮುಖ್ಯ. ಈ ಎರಡನ್ನೂ ಹೇಳುವ ಒಂದು ಕರಪತ್ರವಾದರೂ ನಮ್ಮ ಕೈಗೆ ಈವರೆಗೆ ಸಿಕ್ಕಿಲ್ಲ. ಸಿಕ್ಕಿರುವುದೆಲ್ಲ ರಿಬ್ಬನ್ನು.

ಇಲ್ಲಿ ನಮಗೆ ಎದುರಾಗುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ತಪ್ಪಿಸಿಕೊಂಡು ಹೋಗುವುದಿಲ್ಲ. ‘ನೀವು ಹೇಳುತ್ತಿರುವುದು ಅತಿ ತಪಾಸಣೆಯ ದೇಶಗಳ ಸಮಸ್ಯೆ. ನಮ್ಮಲ್ಲಿ ತಪಾಸಣೆಯೇ ಇಲ್ಲ. ಹೆಂಗಸರು ಗಂಟು ಒಡೆದ ಮೇಲೆ ಬರುತ್ತಾರೆ. ನಷ್ಟದ ಮಾತೆತ್ತಿದರೆ ಬರುವವರೂ ಬರುವುದಿಲ್ಲ’ ಎಂದು ಡಾಕ್ಟರುಗಳು ಹೇಳುತ್ತಾರೆ. ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡ 30ರಿಂದ 49 ವರ್ಷದ ಹೆಂಗಸರು ಶೇ. 0.9 ಮಾತ್ರ. ನೂರಕ್ಕೆ ಒಬ್ಬಳೂ ಇಲ್ಲ. 2022ರ ಜಾಗತಿಕ ಅಂದಾಜಿನಲ್ಲಿ ಭಾರತದಲ್ಲಿ ವರ್ಷಕ್ಕೆ 1,92,000 ಹೊಸ ಸ್ತನ ಕ್ಯಾನ್ಸರ್ ಪ್ರಕರಣ, 98,000 ಸಾವು. ಈ ಸಾವುಗಳು ಸಣ್ಣ ವಿಷಯ ಎಂದು ನಾವು ಹೇಳಿದರೆ ನಮ್ಮ ನಾಲಗೆ ಸುಡಲಿ.

ಆದರೆ ಹೆಂಗಸರು ತಡವಾಗಿ ಬರುವುದು ಯಾಕೆ? ನಷ್ಟದ ಲೆಕ್ಕ ಕೇಳಿ ಹೆದರಿದ್ದರಿಂದಲ್ಲ. ಆ ಲೆಕ್ಕವನ್ನು ಅವರಿಗೆ ಯಾರೂ ಹೇಳಿಯೇ ಇಲ್ಲವಲ್ಲ. ಅವರು ಬಾರದಿರುವುದು ನಾಚಿಕೆಯಿಂದ, ಕೂಲಿ ತಪ್ಪುತ್ತದೆಂದು, ಗಂಡಸು ಡಾಕ್ಟರು ಮುಟ್ಟುತ್ತಾರೆಂದು, ಹೋದರೆ ಎದೆ ಕೊಯ್ದೇ ಬಿಡುತ್ತಾರೆಂಬ ಭಯದಿಂದ. ಎದೆ ಎಂಬ ಮಾತನ್ನೇ ಆಡಲಾಗದ ಮನೆಗಳು ನಮ್ಮವು. ಕನ್ನಡದಲ್ಲಿ ‘ಸ್ತನ’ ಎಂಬುದು ಪುಸ್ತಕದ ಮಾತು. ತುಳುವಿನ ‘ಮಿರೆ’ ಎಂಬ ಸಾದಾ ಮಾತನ್ನು ಡಾಕ್ಟರೆದುರು ಆಡಲು ಹೆಂಗಸಿಗೆ ಸಂಕೋಚ. ಅವಳು ‘ಇಲ್ಲಿ ನೋವು’ ಎಂದು ಕೈ ತೋರಿಸುತ್ತಾಳೆ. ಇಂಥವಳನ್ನು ಹೆದರಿಸಿ, ಗದರಿಸಿ, ಟಾರ್ಗೆಟ್ಟಿಗೆ ಸೇರಿಸಿ ಒಮ್ಮೆ ಕರೆತರಬಹುದು. ಎರಡನೇ ಸಲ ಅವಳು ಬರುವುದು ಮೊದಲ ಸಲ ತನ್ನನ್ನು ಮನುಷ್ಯಳಂತೆ ಕಂಡಿದ್ದರೆ ಮಾತ್ರ. ‘ಹತ್ತಕ್ಕೆ ಒಂಬತ್ತು ಸಲ ಇದು ಸುಳ್ಳು ಗಂಟೆ’ ಎಂದು ಮೊದಲೇ ಹೇಳಿದ್ದರೆ ವರದಿ ಬಂದ ದಿನ ಅವಳು ಓಡಿಹೋಗುವುದಿಲ್ಲ, ಸೂಜಿ ಪರೀಕ್ಷೆಗೆ ಬಂದು ಕೂರುತ್ತಾಳೆ. ನಿಜ ಹೇಳುವುದೇ ಕರೆತರುವ ದಾರಿ.

ಸತ್ಯ ಹೇಳದೆ ‘ಒಳ್ಳೆಯದು’ ಮಾಡುವ ಪದ್ಧತಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. ಕಲಬುರಗಿ ಜಿಲ್ಲೆಯಲ್ಲಿ ಖಾಸಗಿ ಆಸ್ಪತ್ರೆಗಳು ಬಡ ಹೆಂಗಸರ, ಅದರಲ್ಲೂ ತಾಂಡಾಗಳ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣ 2015ರಲ್ಲಿ ದೊಡ್ಡದಾಗಿ ಹೊರಬಂತು. ಅಲ್ಲೂ ಬಳಸಿದ ಅಸ್ತ್ರ ಒಂದೇ: ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ.’ ಅಲ್ಲಿನ ಹೆಂಗಸರೂ ‘ನೀವು ಹೇಳಿದ ಹಾಗೆ’ ಎಂದೇ ಹೇಳಿದ್ದರು. ಮಂಗಳೂರಿನ ಡಾಕ್ಟರುಗಳು ಅಂಥವರು ಎಂದು ನಾವು ಹೇಳುತ್ತಿಲ್ಲ. ಕಾಗದದ ಮೇಲಿನ ಸಹಿ ಒಳ್ಳೆಯ ಡಾಕ್ಟರನ್ನೂ ಕೆಟ್ಟ ಡಾಕ್ಟರನ್ನೂ ಬೇರೆ ಮಾಡಿ ತೋರಿಸುವುದಿಲ್ಲ ಎನ್ನುತ್ತಿದ್ದೇವೆ. ಬೇರೆ ಮಾಡುವುದು ಸಹಿಗೆ ಮೊದಲಿನ ಮಾತುಕತೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಮಂಪರು ಕೊಟ್ಟು ಮಲಗಿಸಿದ್ದ 44 ವರ್ಷದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆಯಾಗದು, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು, ಲಾಭ, ಅಪಾಯ, ಬೇರೆ ದಾರಿ, ಬೇಡವೆಂದರೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳಿದ ಮೇಲಿನದ್ದೇ ನಿಜವಾದ ಒಪ್ಪಿಗೆ ಎಂದು ಕೋರ್ಟ್ ಹೇಳಿತು. 2017ರಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ರೋಗಿಗಳ ಹಕ್ಕಿನ ಸನ್ನದು ಸೇರಿಸಲಾಯಿತು. ಆ ತಿದ್ದುಪಡಿಯ ವಿರುದ್ಧ ಖಾಸಗಿ ಡಾಕ್ಟರುಗಳು ಆ ನವೆಂಬರಿನಲ್ಲಿ ಮುಷ್ಕರ ಹೂಡಿ ಬಾಗಿಲು ಹಾಕಿದ್ದು ಎಲ್ಲರಿಗೂ ನೆನಪಿದೆ. ಸನ್ನದಿನಲ್ಲಿ ಏನಿದೆ ಎಂಬುದು ಎಷ್ಟು ಜನರಿಗೆ ನೆನಪಿದೆ?

ಅಳಿಯಕಟ್ಟಿನ ನಾಡು ನಮ್ಮದು ಎಂದು ಹೆಮ್ಮೆಪಡುತ್ತೇವೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಸರಿ. ಯಜಮಾನಿಕೆ ಬಹುಪಾಲು ಮಾವನ ಕೈಯಲ್ಲೇ ಇರುತ್ತಿತ್ತಲ್ಲವೇ? ಆಸ್ಪತ್ರೆಯಲ್ಲೂ ಅದೇ. ಮೈ ಅವಳದು, ಮಾತುಕತೆ ಗಂಡನ ಜೊತೆ, ಅಣ್ಣನ ಜೊತೆ, ದುಬೈಯಲ್ಲಿರುವ ಮಗನ ಜೊತೆ ಫೋನಿನಲ್ಲಿ. ಅವಳು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾಳೆ.

ಸುಳ್ಯದ್ದೂ ಸೇರಿ ಎಂಟು ಮೆಡಿಕಲ್ ಕಾಲೇಜುಗಳಿರುವ ಜಿಲ್ಲೆ ಇದು. ಕೇಳುವುದಕ್ಕೆ ನಮಗೆ ಹಕ್ಕಿದೆ, ಕೇಳುತ್ತೇವೆ. ಒಂದು, ತಪಾಸಣಾ ಶಿಬಿರ ಮಾಡುವವರು ಸಾವಿರದ ಲೆಕ್ಕದಲ್ಲಿ ಲಾಭ ನಷ್ಟ ಎರಡನ್ನೂ ಬರೆದ ಒಂದು ಪುಟವನ್ನು ಕನ್ನಡದಲ್ಲಿ ಮೊದಲೇ ಹಂಚಲಿ. ಓದಲು ಬಾರದವರಿಗೆ ತುಳು, ಬ್ಯಾರಿ, ಕೊಂಕಣಿಯಲ್ಲಿ, ಬೈಕಂಪಾಡಿಗೆ ದುಡಿಯಲು ಬಂದ ಉತ್ತರ ಕರ್ನಾಟಕದ ಹೆಂಗಸರಿಗೆ ಅವರ ಕನ್ನಡದಲ್ಲಿ ಬಾಯಲ್ಲೇ ಹೇಳಲಿ. ಎರಡು, ಪರೀಕ್ಷೆಯಲ್ಲಿ ಏನಾದರೂ ಕಂಡರೆ ಮುಂದೆ ಎಲ್ಲಿಗೆ ಹೋಗಬೇಕು, ಯಾರು ಜೊತೆಗೆ ಬರುತ್ತಾರೆ, ಖರ್ಚು ಯಾರದು ಎಂಬುದು ಪರೀಕ್ಷೆಗೆ ಮುಂಚೆಯೇ ಗೊತ್ತಾಗಲಿ. ಇದಕ್ಕೆ ಉತ್ತರವಿಲ್ಲದವರು ಶಿಬಿರ ಮಾಡುವುದೇ ಬೇಡ. ಮೂರು, ಮಾತುಕತೆ ಅವಳ ಜೊತೆ ನಡೆಯಲಿ, ಪರದೆಯ ಒಳಗೆ, ಹೆಂಗಸು ಪರೀಕ್ಷಕಿಯ ಎದುರು. ಗಂಡ ಬೇಕೋ ಬೇಡವೋ ಅವಳೇ ಹೇಳಲಿ. ನಾಲ್ಕು, ‘ಈಗ ಬೇಡ’ ಎಂದವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆಯಬೇಡಿ, ಆಶಾ ಕಾರ್ಯಕರ್ತೆಯನ್ನು ಅದಕ್ಕಾಗಿ ಗದರಿಸಬೇಡಿ. ಆರು ತಿಂಗಳ ಮೇಲೆ ಬಾಗಿಲು ತೆರೆದಿರಲಿ, ಸಾಕು.

ಪತ್ರಿಕೆಗಳಿಗೂ ಒಂದು ಮಾತು. ‘500 ಮಂದಿಗೆ ಉಚಿತ ತಪಾಸಣೆ’ ಎಂದು ದೀಪ ಬೆಳಗಿಸುವ ಫೋಟೋ ಸಮೇತ ಬರೆದರೆ ಸುದ್ದಿ ಮುಗಿಯಿತೆ? ಆ 500ರಲ್ಲಿ ಎಷ್ಟು ಮಂದಿಯನ್ನು ಮುಂದಿನ ಪರೀಕ್ಷೆಗೆ ಕಳಿಸಿದರು, ಎಷ್ಟು ಮಂದಿ ಹೋದರು, ಎಷ್ಟು ಮಂದಿಗೆ ನಿಜಕ್ಕೂ ರೋಗವಿತ್ತು ಎಂಬ ಮೂರು ಪ್ರಶ್ನೆ ಕೇಳಿದ ವರದಿಯೇ ವರದಿ. ಉಳಿದದ್ದು ಪುಕ್ಕಟೆ ಜಾಹೀರಾತು.

ಓದುಗರಲ್ಲಿ ಹೆಂಗಸರಿದ್ದರೆ, ಮುಂದಿನ ಸಲ ಯಾರಾದರೂ ತಪಾಸಣೆಗೆ ಕರೆದಾಗ ಹೋಗಿ, ಖಂಡಿತ ಹೋಗಿ. ಆದರೆ ಮೇಜಿನ ಎದುರು ಕೂತು ಎರಡೇ ಪ್ರಶ್ನೆ ಕೇಳಿ: ‘ನನ್ನ ಪ್ರಾಯದ ಸಾವಿರ ಮಂದಿಯಲ್ಲಿ ಇದರಿಂದ ಎಷ್ಟು ಮಂದಿಗೆ ಉಪಯೋಗ, ಎಷ್ಟು ಮಂದಿಗೆ ತೊಂದರೆ?’ ‘ಮಾಡಿಸದಿದ್ದರೆ ಏನಾಗುತ್ತದೆ?’ ಉತ್ತರ ಕೊಡುವ ಡಾಕ್ಟರು ಸಿಕ್ಕಿದರೆ ಅವರನ್ನು ಬಿಡಬೇಡಿ. ‘ಅದೆಲ್ಲ ನಿಮಗೆ ಯಾಕಮ್ಮಾ’ ಎಂದರೆ, ಮರ್ಯಾದೆಯಿಂದಲೇ ಎದ್ದು ಇನ್ನೊಬ್ಬರನ್ನು ಹುಡುಕಿ.